ಬೇಸಿಗೆ ಸೆಷನ್‌ನಲ್ಲಿ ಒಂದಕ್ಕಿಂತ ಹೆಚ್ಚು ಕೋರ್ಸ್: ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಅಮೆರಿಕದ ಬಹುತೇಕ ಕಾಲೇಜುಗಳಲ್ಲಿ ಮೇ ತಿಂಗಳಲ್ಲಿ ಸ್ಪ್ರಿಂಗ್ ಸೆಮಿಸ್ಟರ್ ಮುಗಿದರೆ ಆಗಸ್ಟ್ ಕೊನೆಯವರೆಗೆ ನಿಯಮಿತ ತರಗತಿಗಳಿರುವುದಿಲ್ಲ. ಈ ಬಿಡುವಿನಲ್ಲಿ ನಡೆಯುವ ಬೇಸಿಗೆ ಸೆಷನ್‌ಗಳು ಅಲ್ಲಿ ಹಳೆಯ ವ್ಯವಸ್ಥೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇವು 1871ರಿಂದಲೇ ನಡೆದುಬಂದಿವೆ. ಒಂದು ಸೆಮಿಸ್ಟರ್ ಮೊದಲೇ ಪದವಿ ಮುಗಿಸಿ ಒಂದಿಷ್ಟು ಡಾಲರ್ ಉಳಿಸಬೇಕೆನ್ನುವವರು, ಮೇಜರ್ ಅಂದರೆ ಮುಖ್ಯ ಅಧ್ಯಯನ ವಿಷಯ ಬದಲಿಸಿದ್ದರಿಂದ ಹಿಂದೆ ಬಿದ್ದವರು, ಮುಂದಿನ ವರ್ಷದ ವಿಷಯಕ್ಕೆ ಬೇಕಾದ ಪೂರ್ವಾರ್ಹತೆಯ ಕೋರ್ಸ್ ಬಾಕಿ ಉಳಿಸಿಕೊಂಡವರು ಇವುಗಳತ್ತ ನೋಡುತ್ತಾರೆ. ಕರ್ನಾಟಕದ ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಬೇಸಿಗೆ ಸೆಮಿಸ್ಟರ್ ಎಂಬುದಿದೆ, ಆದರೆ ಅದು ಬಹುಮಟ್ಟಿಗೆ ಫೇಲಾದ ಅಥವಾ ಬಾಕಿ ಉಳಿದ ವಿಷಯಗಳನ್ನು ತೀರಿಸಿಕೊಳ್ಳುವ ದಾರಿ. ಅಮೆರಿಕದಲ್ಲಿ ಚೆನ್ನಾಗಿ ಓದುವವರೂ ಬೇಸಿಗೆಯಲ್ಲಿ ತಾವಾಗಿಯೇ ಕೋರ್ಸ್ ಹೊತ್ತುಕೊಳ್ಳುತ್ತಾರೆ ಎಂಬುದನ್ನು ಊರಿನಲ್ಲಿರುವ ತಂದೆತಾಯಂದಿರು ಮೊದಲಿಗೆ ಗಮನಿಸಬೇಕು. ಎಷ್ಟು ಕೋರ್ಸ್ ಎಂಬುದನ್ನು ಕ್ರೆಡಿಟ್ ಎಣಿಸಿ ತೀರ್ಮಾನಿಸುವ ಬದಲು ವಾರಕ್ಕೆ ಬೀಳುವ ಗಂಟೆಗಳನ್ನು ಎಣಿಸಿ ತೀರ್ಮಾನಿಸಬೇಕೆಂಬುದು ಈ ಲೇಖನದ ಮುಖ್ಯ ಸಲಹೆ. ಉಳಿದ ಸಲಹೆಗಳೆಲ್ಲ ಅದನ್ನೇ ಆಧರಿಸಿವೆ.

ಮೊದಲು ಗಂಟೆಗಳ ಲೆಕ್ಕ

ಅಮೆರಿಕದ ಫೆಡರಲ್ ನಿಯಮದ ಪ್ರಕಾರ ಒಂದು ಸೆಮಿಸ್ಟರ್ ಕ್ರೆಡಿಟ್ ಎಂದರೆ ಸುಮಾರು 15 ವಾರಗಳ ಕಾಲ ವಾರಕ್ಕೆ ಒಂದು ಗಂಟೆಯ ತರಗತಿ ಮತ್ತು ಕನಿಷ್ಠ ಎರಡು ಗಂಟೆಗಳ ಸ್ವಂತ ಓದು. ಅವಧಿ ಬೇರೆಯಾದರೂ ಒಟ್ಟು ಕೆಲಸ ಇಷ್ಟೇ ಇರಬೇಕು ಎಂದು ಅದೇ ನಿಯಮ ಹೇಳುತ್ತದೆ. ಅಂದರೆ 3 ಕ್ರೆಡಿಟ್‌ನ ಕೋರ್ಸ್‌ಗೆ 45 ಗಂಟೆ ತರಗತಿ, 90 ಗಂಟೆ ಸ್ವಂತ ಓದು, ಒಟ್ಟು 135 ಗಂಟೆ. ಹದಿನೈದು ವಾರಗಳಲ್ಲಿ ಇದು ವಾರಕ್ಕೆ 9 ಗಂಟೆಯಾದರೆ, ಹತ್ತು ವಾರಗಳ ಸೆಷನ್‌ನಲ್ಲಿ 13.5, ಎಂಟು ವಾರಗಳಲ್ಲಿ ಸುಮಾರು 17, ಆರು ವಾರಗಳಲ್ಲಿ 22.5, ಐದು ವಾರಗಳಲ್ಲಿ 27 ಗಂಟೆಯಾಗುತ್ತದೆ. ಐದು ವಾರಗಳ ಸೆಷನ್‌ನಲ್ಲಿ ಇಂಥ ಎರಡು ಕೋರ್ಸ್ ತೆಗೆದುಕೊಂಡವರಿಗೆ ವಾರಕ್ಕೆ 54 ಗಂಟೆ, ಮೂರು ತೆಗೆದುಕೊಂಡವರಿಗೆ 81 ಗಂಟೆ ಬೀಳುತ್ತದೆ.

ಇದನ್ನು ನಿಮ್ಮ ವಾರದ ಎದುರು ಇಟ್ಟು ನೋಡಿ. ವಾರದ 168 ಗಂಟೆಗಳಲ್ಲಿ ನಿದ್ದೆಗೆ 56 ಕಳೆದರೆ 112 ಉಳಿಯುತ್ತವೆ. ಅಡುಗೆ, ಊಟ, ಸ್ನಾನ, ಬಟ್ಟೆ ಒಗೆಯುವುದು, ಬಸ್ಸಿಗೆ ಕಾಯುವುದು, ಮನೆಗೆ ಫೋನ್ ಮಾಡುವುದು ಇವೆಲ್ಲಕ್ಕೆ ದಿನಕ್ಕೆ ಐದು ಗಂಟೆ ಹಿಡಿದರೆ ಉಳಿಯುವುದು 77. ಮೂರು ಕೋರ್ಸ್ ಇಲ್ಲಿಗೇ ಕೈಬಿಟ್ಟಂತೆ. ಎರಡು ಕೋರ್ಸ್‌ನ ಜೊತೆಗೆ ವಾರಕ್ಕೆ 20 ಗಂಟೆಯ ಕ್ಯಾಂಪಸ್ ಕೆಲಸ ಇಟ್ಟುಕೊಂಡವರಿಗೆ 74 ಗಂಟೆ ತುಂಬಿಹೋಗುತ್ತದೆ. ಒಂದು ದಿನ ಜ್ವರ ಬಂದರೂ ಲೆಕ್ಕ ತಪ್ಪುತ್ತದೆ.

ಯಾರೂ ನಿಯಮದಲ್ಲಿ ಬರೆದಷ್ಟು ಓದುವುದಿಲ್ಲ ಎಂದು ಹಿರಿಯ ವಿದ್ಯಾರ್ಥಿಗಳು ಹೇಳುವುದುಂಟು, ಕೆಲವು ಕೋರ್ಸ್‌ಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಅವರ ಗಂಟೆ ನಿಮ್ಮ ಗಂಟೆಯಲ್ಲ. ಸ್ಪ್ರಿಂಗ್ ಸೆಮಿಸ್ಟರ್‌ನ ಎರಡು ಸಾಧಾರಣ ವಾರಗಳಲ್ಲಿ ಪ್ರತಿಯೊಂದು ಕೋರ್ಸ್‌ಗೂ ನೀವು ನಿಜವಾಗಿ ಕೊಟ್ಟ ಸಮಯವನ್ನು ಬರೆದಿಟ್ಟುಕೊಳ್ಳಿ. ನೀವು ಬೇಸಿಗೆಯಲ್ಲಿ ತೆಗೆದುಕೊಳ್ಳಬೇಕೆಂದಿರುವ ವಿಷಯದಂಥದ್ದೇ ಒಂದಕ್ಕೆ ವಾರಕ್ಕೆ ಹನ್ನೊಂದು ಗಂಟೆ ಹಿಡಿದಿದ್ದರೆ, ಐದು ವಾರಗಳ ಸೆಷನ್‌ಗೆ ಅದನ್ನು ಮೂರರಿಂದ ಗುಣಿಸಿ. ಬರುವ ಸಂಖ್ಯೆಯನ್ನು ನಂಬಿ.

ಯಾವ ವಿಷಯಗಳು ಒತ್ತಡವನ್ನು ತಾಳುತ್ತವೆ

ಎಲ್ಲ ಕೋರ್ಸ್‌ಗಳನ್ನೂ ಒಂದೇ ರೀತಿ ಅಡಕಗೊಳಿಸಲಾಗದು. ಹೆಚ್ಚಾಗಿ ಓದು ಮತ್ತು ಚರ್ಚೆಯ ಮೇಲೆ ನಿಂತಿರುವ ಪರಿಚಯಾತ್ಮಕ ಕೋರ್ಸ್‌ಗಳು, ಉದಾಹರಣೆಗೆ ಅಮೆರಿಕದ ಇತಿಹಾಸ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಬೇಸಿಗೆಗೆ ಹೊಂದುತ್ತವೆ. ಇವುಗಳಲ್ಲಿ ಕಷ್ಟವೆಂದರೆ ಪುಟಗಳ ಸಂಖ್ಯೆ. ನಿಯಮಿತ ಸೆಮಿಸ್ಟರ್‌ನಲ್ಲಿ ವಾರಕ್ಕೆ 60 ಪುಟ ಓದಿಸುವ ಕೋರ್ಸ್ ಐದು ವಾರಗಳಲ್ಲಿ ವಾರಕ್ಕೆ 180 ಪುಟ ಓದಿಸುತ್ತದೆ. ಓದುವ ವೇಗ ಚೆನ್ನಾಗಿರುವವರಿಗೆ ಇದು ಸಾಧ್ಯ. ಇಂಗ್ಲಿಷ್‌ನಲ್ಲಿ ನಿಧಾನವಾಗಿ ಓದುವ ಹೊಸ ವಿದ್ಯಾರ್ಥಿಗಳು ಎರಡು ಓದಿನ ಕೋರ್ಸ್‌ಗಳನ್ನು ಒಟ್ಟಿಗೆ ತೆಗೆದುಕೊಳ್ಳಬಾರದು.

ಗಣಿತದ ಸಮಸ್ಯೆ ಬೇರೆ ಬಗೆಯದು. ಕ್ಯಾಲ್ಕ್ಯುಲಸ್‌ನ ಎರಡನೆಯ ಕೋರ್ಸ್‌ನಲ್ಲಿ ಇಂಟಿಗ್ರೇಶನ್‌ನ ವಿಧಾನಗಳು ಮುಗಿದ ಕೂಡಲೇ ಅನಂತ ಶ್ರೇಣಿಗಳು ಎದುರಾಗುತ್ತವೆ. ಒಂದು ಶ್ರೇಣಿ ಒಂದು ಸಂಖ್ಯೆಗೆ ಸಮೀಪಿಸುತ್ತದೆಯೇ ಇಲ್ಲವೇ ಎಂದು ಪರೀಕ್ಷಿಸುವ ಹಲವು ನಿಯಮಗಳು ಒಂದೇ ವಾರದಲ್ಲಿ ಬಂದಾಗ, ಯಾವುದನ್ನು ಎಲ್ಲಿ ಬಳಸಬೇಕೆಂಬ ವಿವೇಚನೆ ಬೆಳೆಯಲು ಸಮಯವೇ ಸಿಗುವುದಿಲ್ಲ. ಸೂತ್ರ ಬಾಯಿಪಾಠವಾಗಿರುತ್ತದೆ, ಲೆಕ್ಕ ಬಿಡಿಸಲು ಕೈ ಓಡುವುದಿಲ್ಲ. ಆದ್ದರಿಂದ ಮುಂದಿನ ಕೋರ್ಸ್‌ಗಳಿಗೆ ಬುನಾದಿಯಾಗುವ ಗಣಿತವನ್ನು ಬೇಸಿಗೆಯಲ್ಲಿ ಮಾಡಲೇಬೇಕಾಗಿ ಬಂದರೆ ಅದೊಂದನ್ನೇ ಮಾಡಬೇಕು, ಅಥವಾ ಅದರ ಜೊತೆಗೆ ಹಗುರವಾದ ಇನ್ನೊಂದನ್ನು ಮಾತ್ರ ಇಟ್ಟುಕೊಳ್ಳಬೇಕು. ಪ್ರೋಗ್ರಾಮಿಂಗ್ ಕೋರ್ಸ್‌ಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ, ಏಕೆಂದರೆ ಒಂದು ದೋಷ ಹುಡುಕಲು ಹತ್ತು ನಿಮಿಷವೂ ಆಗಬಹುದು, ಒಂದು ರಾತ್ರಿಯೂ ಆಗಬಹುದು, ಮತ್ತು ಅಷ್ಟು ಏರುಪೇರನ್ನು ತಾಳುವ ಜಾಗ ಬೇಸಿಗೆಯ ವೇಳಾಪಟ್ಟಿಯಲ್ಲಿರುವುದಿಲ್ಲ.

ಲ್ಯಾಬ್ ಇರುವ ವಿಜ್ಞಾನದ ಕೋರ್ಸ್‌ಗಳನ್ನು, ಅದರಲ್ಲೂ ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು, ಒಂಟಿಯಾಗಿಯೇ ತೆಗೆದುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೆಲವು ವಿಶ್ವವಿದ್ಯಾಲಯಗಳು ಇಡೀ ವರ್ಷದ ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ಒಂದೇ ಬೇಸಿಗೆಯಲ್ಲಿ ಮುಗಿಸುತ್ತವೆ. ಬೆಳಗ್ಗೆ ಉಪನ್ಯಾಸ, ಮಧ್ಯಾಹ್ನ ಲ್ಯಾಬ್, ರಾತ್ರಿ ಲ್ಯಾಬ್ ವರದಿ ಎಂಬ ಕ್ರಮದಲ್ಲಿ ಅಲ್ಲಿನ ದಿನ ಸಾಗುತ್ತದೆ. ಮೆಡಿಕಲ್ ಸ್ಕೂಲ್‌ಗೆ ಅರ್ಜಿ ಹಾಕಬೇಕೆಂದಿರುವ ಮಕ್ಕಳ ಮನೆಗಳಲ್ಲಿ ಈ ಕೋರ್ಸ್ ಅನ್ನು ಬೇಸಿಗೆಯಲ್ಲೇ ಮುಗಿಸಿಬಿಡೋಣ ಎಂಬ ಮಾತು ಸುಲಭವಾಗಿ ಬರುತ್ತದೆ. ಆದರೆ ಅಲ್ಲಿ ಬಂದ ಸಿ ಗ್ರೇಡ್ ಅರ್ಜಿಯಲ್ಲಿ ಹಾಗೆಯೇ ಉಳಿಯುತ್ತದೆ, ಉಳಿಸಿದ ಸೆಮಿಸ್ಟರ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಬರವಣಿಗೆಯ ಕೋರ್ಸ್‌ಗಳ ಬಗ್ಗೆ ಒಂದೇ ಮಾತು: ಕರಡು ಕೊಟ್ಟು, ಅಧ್ಯಾಪಕರ ಟಿಪ್ಪಣಿ ಪಡೆದು, ತಿದ್ದಿ ಬರೆಯುವ ಚಕ್ರ ಎಷ್ಟು ದಿನದಲ್ಲಿ ಸುತ್ತುತ್ತದೆಂದು ಸಿಲೆಬಸ್‌ನಲ್ಲಿ ನೋಡಿಕೊಳ್ಳಿ.

ಸೆಷನ್‌ಗಳನ್ನು ಜೋಡಿಸುವ ಬಗೆ

ಒಂದೇ ಬೇಸಿಗೆಯಲ್ಲಿ ಮೂರು ಅಥವಾ ನಾಲ್ಕು ಕೋರ್ಸ್ ಮುಗಿಸುವುದು ಅಸಾಧ್ಯವಲ್ಲ, ಆದರೆ ಅವು ಒಂದರ ಮೇಲೊಂದು ಬೀಳದಂತೆ ಜೋಡಿಸಬೇಕು. ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಎ ಮತ್ತು ಸಿ ಎಂಬ ಆರು ವಾರಗಳ ಎರಡು ಮುಖ್ಯ ಸೆಷನ್‌ಗಳು ಒಂದಾದ ಮೇಲೊಂದು ಬರುತ್ತವೆ. ಅದೇ ರಾಜ್ಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಆರು, ಎಂಟು ಮತ್ತು ಹತ್ತು ವಾರಗಳ ಸೆಷನ್‌ಗಳಿವೆ. ಅತಿ ಕಷ್ಟದ ವಿಷಯಕ್ಕೆ ಅತಿ ದೀರ್ಘ ಸೆಷನ್ ಹುಡುಕುವುದು ಮೊದಲ ಸೂತ್ರ. ಗಣಿತ ಹತ್ತು ವಾರಗಳಲ್ಲಿ ನಿಧಾನವಾಗಿ ನಡೆಯುತ್ತಿರಲಿ, ಅದರ ಜೊತೆಗೆ ಆರು ವಾರಗಳ ಒಂದು ಇತಿಹಾಸದ ಕೋರ್ಸ್ ಬಂದು ಮುಗಿದುಹೋಗಲಿ. ಲೆಕ್ಕ ಹಾಕಿದರೆ ಇದು ಆರು ವಾರ ತಲಾ 36 ಗಂಟೆ, ಉಳಿದ ನಾಲ್ಕು ವಾರ ತಲಾ 13.5 ಗಂಟೆ, ಅದೇ ಎರಡನ್ನು ಐದು ವಾರಗಳ ಒಂದೇ ಸೆಷನ್‌ಗೆ ತುಂಬಿದರೆ ಬೀಳುತ್ತಿದ್ದುದು 54. ಅನೇಕ ಕಾಲೇಜುಗಳು ಒಂದು ಸೆಷನ್‌ಗೆ ಇಷ್ಟೇ ಕ್ರೆಡಿಟ್ ಎಂಬ ಮಿತಿ ಇಟ್ಟಿರುತ್ತವೆ, ಮೀರಬೇಕಾದರೆ ಅಡ್ವೈಸರ್‌ರ ಒಪ್ಪಿಗೆ ಬೇಕಾಗುತ್ತದೆ. ಆ ಮಿತಿ ಗರಿಷ್ಠದ ಸೂಚನೆಯೇ ಹೊರತು ಅಷ್ಟನ್ನು ತೆಗೆದುಕೊಳ್ಳಿ ಎಂಬ ಸಲಹೆಯಲ್ಲ.

ಕ್ಯಾಲೆಂಡರ್‌ನಲ್ಲಿ ರಜಾದಿನಗಳನ್ನೂ ಗುರುತು ಹಾಕಿಕೊಳ್ಳಿ. ಮೇ ತಿಂಗಳ ಕೊನೆಯ ಸೋಮವಾರ ಮೆಮೋರಿಯಲ್ ಡೇ, ಜೂನ್ 19 ಜೂನ್‌ಟೀನ್ತ್, ಜುಲೈ 4 ಸ್ವಾತಂತ್ರ್ಯ ದಿನ. ತರಗತಿ ರದ್ದಾದರೂ ಪಾಠದ ಭಾಗ ರದ್ದಾಗುವುದಿಲ್ಲ. ಆ ವಾರದ ಉಳಿದ ದಿನಗಳ ಮೇಲೆ ಅದು ಹೊರೆಯಾಗಿ ಬೀಳುತ್ತದೆ.

ಬೇರೆ ಕಾಲೇಜಿನಲ್ಲಿ ಓದಿ ಕ್ರೆಡಿಟ್ ತರುವುದಾದರೆ

ರಜೆಗೆ ಮನೆಗೆ ಬಂದ ವಿದ್ಯಾರ್ಥಿಗಳು ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಸಾರ್ವಜನಿಕ ಕಾಲೇಜು) ಸಾಮಾನ್ಯ ಶಿಕ್ಷಣದ ಕೋರ್ಸ್‌ಗಳನ್ನು ಮುಗಿಸುವುದು ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬಗಳಲ್ಲೂ ರೂಢಿಯಲ್ಲಿದೆ. ಆ ರಾಜ್ಯದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಒಂದು ಯೂನಿಟ್‌ಗೆ (ಅಂದರೆ ಕ್ರೆಡಿಟ್‌ಗೆ) 46 ಡಾಲರ್ ಮಾತ್ರ. ವಿದ್ಯಾರ್ಥಿ ವೀಸಾದ ಮೇಲೆ ಬಂದವರಿಗೆ ಇದರ ಹಲವು ಪಟ್ಟು ಆಗುತ್ತದೆ. ಯಾವ ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸ್ ಯುಸಿ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಅಥವಾ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಯಾವ ಕೋರ್ಸ್‌ಗೆ ಸಮ ಎಂಬುದನ್ನು ಅಸಿಸ್ಟ್ ಎಂಬ ಜಾಲತಾಣ ಸಾಲುಸಾಲಾಗಿ ತೋರಿಸುತ್ತದೆ. ಅದು ತೋರಿಸಿದ ಪುಟವನ್ನು ಉಳಿಸಿಟ್ಟುಕೊಂಡು, ನಿಮ್ಮ ವಿಭಾಗದ ಅಡ್ವೈಸರ್‌ರಿಂದ ಇಮೇಲ್‌ನಲ್ಲಿ ಒಪ್ಪಿಗೆ ಪಡೆದ ಮೇಲೆಯೇ ಹಣ ಕಟ್ಟಬೇಕು. ಬಾಯಿಮಾತಿನ ಒಪ್ಪಿಗೆ ಸೆಪ್ಟೆಂಬರ್‌ನಲ್ಲಿ ಯಾರಿಗೂ ನೆನಪಿರುವುದಿಲ್ಲ.

ಇಲ್ಲಿ ಮೂರು ಸಂಗತಿಗಳು ಕೈಕೊಡುತ್ತವೆ. ಮೊದಲನೆಯದು ಕ್ವಾರ್ಟರ್ (ಸುಮಾರು ಹತ್ತು ವಾರಗಳ ಅವಧಿ) ಮತ್ತು ಸೆಮಿಸ್ಟರ್ ಲೆಕ್ಕದ ಅಂತರ: ಒಂದು ಸೆಮಿಸ್ಟರ್ ಯೂನಿಟ್ ಒಂದೂವರೆ ಕ್ವಾರ್ಟರ್ ಯೂನಿಟ್‌ಗೆ ಸಮ, ಆದ್ದರಿಂದ ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಿ 4 ಯೂನಿಟ್ ಓದಿದವರಿಗೆ ಸೆಮಿಸ್ಟರ್ ಪದ್ಧತಿಯ ಕಾಲೇಜಿನಲ್ಲಿ 2.67 ಮಾತ್ರ ಸಿಗುತ್ತದೆ, ಮತ್ತು 3 ಕ್ರೆಡಿಟ್ ಬೇಕಾದ ಜಾಗದಲ್ಲಿ ಆ ಚೂರು ಕೊರತೆ ಪದವಿಯನ್ನೇ ತಡೆಹಿಡಿಯಬಹುದು. ಎರಡನೆಯದಾಗಿ, ಹೊರಗಿನಿಂದ ತಂದ ಕೋರ್ಸ್‌ಗೆ ಅನೇಕ ವಿಶ್ವವಿದ್ಯಾಲಯಗಳು ಕ್ರೆಡಿಟ್ ಕೊಡುತ್ತವೆಯೇ ಹೊರತು ಗ್ರೇಡ್ ಅನ್ನು ತಮ್ಮ ಜಿಪಿಎಗೆ (ಗ್ರೇಡ್‌ಗಳ ಸರಾಸರಿಗೆ) ಸೇರಿಸುವುದಿಲ್ಲ. ಜಿಪಿಎ ಎತ್ತಬೇಕೆಂದೇ ಬೇಸಿಗೆ ಕೋರ್ಸ್ ತೆಗೆದುಕೊಳ್ಳುವವರು ತಮ್ಮ ಸ್ವಂತ ಕಾಲೇಜಿನಲ್ಲೇ ತೆಗೆದುಕೊಳ್ಳಬೇಕು. ಇನ್ನು, ಪದವಿಯ ಕೊನೆಯ ಹಂತದ ನಿರ್ದಿಷ್ಟ ಕ್ರೆಡಿಟ್‌ಗಳನ್ನು ತನ್ನಲ್ಲೇ ಮುಗಿಸಬೇಕೆಂಬ ನಿಯಮ ನಿಮ್ಮ ಕಾಲೇಜಿನಲ್ಲಿದೆಯೇ ಎಂದು ನೋಡಿಕೊಳ್ಳದೆ ಕೊನೆಯ ವರ್ಷದವರು ಹೊರಗೆ ಹೋಗಬಾರದು.

ವೀಸಾ ಮತ್ತು ಹಣ

ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಬೇಸಿಗೆ ಸಾಮಾನ್ಯವಾಗಿ ವಾರ್ಷಿಕ ರಜೆ, ಆಗ ಪೂರ್ಣ ಪ್ರಮಾಣದಲ್ಲಿ ನೋಂದಾಯಿಸಿಕೊಳ್ಳುವ ಕಡ್ಡಾಯವಿಲ್ಲ. ಆದರೆ ಅಮೆರಿಕಕ್ಕೆ ಬಂದ ಮೇಲಿನ ನಿಮ್ಮ ಮೊದಲ ಅವಧಿಯೇ ಬೇಸಿಗೆಯಾದರೆ ಪೂರ್ಣ ಹೊರೆ ಹೊರಲೇಬೇಕು. ಪೂರ್ಣ ಹೊರೆಯ ಲೆಕ್ಕಕ್ಕೆ ಒಂದು ಅವಧಿಯಲ್ಲಿ ಒಂದು ಆನ್‌ಲೈನ್ ಕೋರ್ಸ್ ಅಥವಾ 3 ಕ್ರೆಡಿಟ್‌ಗಿಂತ ಹೆಚ್ಚು ಆನ್‌ಲೈನ್ ಓದು ಸೇರುವುದಿಲ್ಲ. ಬೇಸಿಗೆಯಲ್ಲೇ ಪದವಿ ಮುಗಿಯುವಂತಿದ್ದರೆ ಇನ್ನೂ ಎಚ್ಚರ ಬೇಕು: ಪದವಿ ಮುಗಿಯುವ ದಿನಾಂಕ ಮೊದಲೇ ಬಂದರೆ, ಓದಿನ ಅವಧಿಯನ್ನು ತಿಳಿಸಿ ಕಾಲೇಜು ಕೊಡುವ ಐ-20 ದಾಖಲೆಯ ಕೊನೆಯ ದಿನಾಂಕವೂ ಮೊದಲೇ ಬರುತ್ತದೆ, ಓದು ಮುಗಿದ ಮೇಲೆ ಕೆಲವು ಕಾಲ ಅಮೆರಿಕದಲ್ಲಿ ಕೆಲಸ ಮಾಡಲು ಸಿಗುವ ಒಪಿಟಿ ಎಂಬ ಅನುಮತಿಯ ಅರ್ಜಿಯ ಅವಧಿ ಅಲ್ಲಿಂದಲೇ ಎಣಿಕೆಯಾಗುತ್ತದೆ. ಡಿಸೆಂಬರ್‌ನ ಪದವಿಯನ್ನು ಆಗಸ್ಟ್‌ಗೆ ತಂದುಕೊಂಡವರು ಕೆಲಸ ಹುಡುಕುವ ಸಮಯದಲ್ಲಿ ನಾಲ್ಕು ತಿಂಗಳು ಕಳೆದುಕೊಂಡಂತೆಯೂ ಆಗಬಹುದು. ಕೋರ್ಸ್ ಆಯ್ಕೆಗೆ ಮುಂಚೆಯೇ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನು ಭೇಟಿಯಾಗುವುದು ಈ ಕಾರಣಕ್ಕೆ.

ಬೇಸಿಗೆಯ ಶುಲ್ಕವನ್ನು ಸಾಮಾನ್ಯವಾಗಿ ಕ್ರೆಡಿಟ್‌ಗೆ ಇಷ್ಟು ಎಂದು ಬೇರೆಯಾಗಿ ವಸೂಲಿ ಮಾಡುತ್ತಾರೆ. ಸ್ಪ್ರಿಂಗ್‌ನಲ್ಲಿ ಎಷ್ಟು ಕೋರ್ಸ್ ತೆಗೆದುಕೊಂಡರೂ ಒಂದೇ ಶುಲ್ಕ ಎಂಬ ಅನುಕೂಲ ಇಲ್ಲಿರುವುದಿಲ್ಲ. ಟೀಚಿಂಗ್ ಅಸಿಸ್ಟೆಂಟ್‌ಗಳಾಗಿರುವ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಶುಲ್ಕ ವಿನಾಯಿತಿ ಬೇಸಿಗೆಗೂ ಅನ್ವಯಿಸುತ್ತದೆಯೇ ಎಂದು ಕೇಳಿಕೊಳ್ಳಬೇಕು. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವ ಮನೆಯ ಮಕ್ಕಳಿಗೆ, ಅರ್ಹತೆಯಿದ್ದರೆ, ಫೆಡರಲ್ ಸರ್ಕಾರದ ಪೆಲ್ ಗ್ರಾಂಟ್ ಎಂಬ ಸಹಾಯಧನ ಬೇಸಿಗೆಗೂ ಸಿಗುತ್ತದೆ. ವರ್ಷದ ಪಾಲು ಮುಗಿದ ಮೇಲೆ ಹೆಚ್ಚುವರಿ ಮೊತ್ತ ಪಡೆಯಲು ಕನಿಷ್ಠ ಅರ್ಧ ಹೊರೆಯ ನೋಂದಣಿ, ಸಾಮಾನ್ಯವಾಗಿ 6 ಕ್ರೆಡಿಟ್, ಬೇಕು.

ತರಗತಿ ಆರಂಭವಾಗುವ ಮುನ್ನ

ಐದು ವಾರಗಳ ಸೆಷನ್‌ನಲ್ಲಿ ಮೊದಲ ಮೂರು ದಿನ ಪುಸ್ತಕಕ್ಕಾಗಿ ಕಾದವರು ನಿಯಮಿತ ಸೆಮಿಸ್ಟರ್‌ನ ಒಂದು ವಾರಕ್ಕೂ ಹೆಚ್ಚಿನ ಪಾಠವನ್ನು ಕಳೆದುಕೊಂಡಿರುತ್ತಾರೆ. ಸಿಲೆಬಸ್ ಅನ್ನು ಎರಡು ವಾರ ಮೊದಲೇ ಅಧ್ಯಾಪಕರಿಂದ ಕೇಳಿ ಪಡೆಯಿರಿ. ಸಿಗದಿದ್ದರೆ ಅದೇ ಕೋರ್ಸ್‌ನ ಹಿಂದಿನ ಬೇಸಿಗೆಯದ್ದನ್ನು ಹುಡುಕಿ. ಎರಡೂ ಕೋರ್ಸ್‌ಗಳ ಪರೀಕ್ಷೆ, ಅಸೈನ್‌ಮೆಂಟ್, ವರದಿಗಳ ದಿನಾಂಕಗಳನ್ನು ಒಂದೇ ಕಾಗದದ ಮೇಲೆ ಬರೆಯಿರಿ. ಎರಡು ಮಿಡ್‌ಟರ್ಮ್‌ಗಳು ಒಂದೇ ದಿನ ಬಿದ್ದಿರುವುದು ಕಂಡುಬಂದರೆ ಮೊದಲ ದಿನವೇ ಅಧ್ಯಾಪಕರಿಗೆ ತಿಳಿಸಬೇಕು, ಹಿಂದಿನ ಸಂಜೆ ಬರೆದ ಇಮೇಲ್‌ಗೆ ಬೆಲೆಯಿರುವುದಿಲ್ಲ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಅನುಕೂಲ ಪಡೆಯುತ್ತಿರುವವರು ಅದರ ಪತ್ರವನ್ನು ಬೇಸಿಗೆಗೆ ಹೊಸದಾಗಿ ಮಾಡಿಸಿಕೊಳ್ಳಬೇಕಾಗಬಹುದು. ಗ್ರಂಥಾಲಯ ಮತ್ತು ಟ್ಯೂಟರಿಂಗ್ ಕೇಂದ್ರಗಳ ಬೇಸಿಗೆಯ ಸಮಯ ಕಡಿಮೆಯಿರುವುದರಿಂದ ಅದನ್ನೂ ಆ ಕಾಗದದಲ್ಲೇ ಬರೆದುಕೊಳ್ಳಿ. ಹಾಗೆಯೇ ಪೂರ್ವಾರ್ಹತೆಯ ವಿಷಯದಲ್ಲಿ ನಿಮಗೆ ಮರೆತುಹೋದ ಭಾಗ ಯಾವುದೆಂದು ಈಗಲೇ ಪರೀಕ್ಷಿಸಿಕೊಳ್ಳಿ, ಸೆಷನ್ ಶುರುವಾದ ಮೇಲೆ ಹಳೆಯದನ್ನು ತಿರುವಿ ಹಾಕಲು ಸಂಜೆಗಳು ಸಿಗುವುದಿಲ್ಲ.

ದಿನಚರಿ

ಐದು ವಾರಗಳ ಸೆಷನ್‌ನಲ್ಲಿ ವಾರಕ್ಕೆ ನಾಲ್ಕು ದಿನ ತರಗತಿಯಿದ್ದರೆ ಒಂದು ಕೋರ್ಸ್‌ಗೆ ಒಟ್ಟು ಇಪ್ಪತ್ತು ತರಗತಿಗಳು, ಒಂದೊಂದೂ ಸುಮಾರು ಎರಡು ಗಂಟೆಯದು. ಬೆಳಗ್ಗೆ 9ರಿಂದ 11ರವರೆಗೆ ಗಣಿತ, ಮಧ್ಯಾಹ್ನ 1ರಿಂದ 3ರವರೆಗೆ ಇತಿಹಾಸ ಎಂದಿಟ್ಟುಕೊಳ್ಳಿ. ಗಣಿತದ ತರಗತಿ ಮುಗಿದ ಕೂಡಲೇ, ಊಟಕ್ಕೆ ಮುಂಚೆ, ಆ ದಿನದ ಲೆಕ್ಕಗಳಲ್ಲಿ ಅರ್ಧವನ್ನಾದರೂ ಬಿಡಿಸಬೇಕು. ಬೋರ್ಡಿನ ಮೇಲೆ ಅರ್ಥವಾದದ್ದು ಕಾಗದದ ಮೇಲೆ ಅರ್ಥವಾಗಿಲ್ಲ ಎಂಬುದು ಆಗಲೇ ಗೊತ್ತಾಗುತ್ತದೆ, ಮತ್ತು ಅಧ್ಯಾಪಕರು ವಿದ್ಯಾರ್ಥಿಗಳ ಪ್ರಶ್ನೆಗಳಿಗಾಗಿ ಮೀಸಲಿಡುವ ಮಧ್ಯಾಹ್ನದ ಆಫೀಸ್ ಅವರ್‌ನಲ್ಲಿ ಕೇಳುವ ಅವಕಾಶ ಇನ್ನೂ ಉಳಿದಿರುತ್ತದೆ. ಸಂಜೆ ಉಳಿದ ಲೆಕ್ಕಗಳು, ರಾತ್ರಿ ಇತಿಹಾಸದ ಪುಟಗಳು. ನಾಳೆಗೆ ಓದಬೇಕಾದುದನ್ನು ಇಂದೇ ಒಮ್ಮೆ ನೋಡಿಕೊಂಡು ಹೋದವರಿಗೆ ತರಗತಿಯ ವೇಗ ಅಷ್ಟು ಕಷ್ಟವೆನಿಸುವುದಿಲ್ಲ. ತರಗತಿಯಿಲ್ಲದ ಶುಕ್ರವಾರವನ್ನು ರಜೆಯೆಂದು ತಿಳಿಯುವುದೇ ಹಿಂದೆ ಬೀಳುವ ಮೊದಲ ಹೆಜ್ಜೆ. ದೊಡ್ಡ ವರದಿಗಳಿಗೂ ಲ್ಯಾಬ್ ಬರಹಗಳಿಗೂ ಇರುವ ದಿನವೇ ಅದು.

ಬೇಸಿಗೆಯ ಓದಿನ ನಿಜವಾದ ಕೊರತೆ ಪುನರಾವರ್ತನೆಯ ಅಂತರ. ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಕಲಿತದ್ದು ಒಂದೇ ಸಲ ಕೂತು ಕಲಿತದ್ದಕ್ಕಿಂತ ಹೆಚ್ಚು ಕಾಲ ನೆನಪಿನಲ್ಲುಳಿಯುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಹದಿನೈದು ವಾರಗಳಲ್ಲಿ ಈ ಅಂತರ ತಾನಾಗಿಯೇ ಸಿಗುತ್ತದೆ, ಐದು ವಾರಗಳಲ್ಲಿ ನಾವೇ ಮಾಡಿಕೊಳ್ಳಬೇಕು. ಪ್ರತಿದಿನ ಇಪ್ಪತ್ತು ನಿಮಿಷ ತೆಗೆದಿಟ್ಟು ಮೂರು ದಿನದ ಹಿಂದಿನ ಒಂದು ಲೆಕ್ಕವನ್ನೂ ಒಂದು ವಾರದ ಹಿಂದಿನ ಒಂದು ಲೆಕ್ಕವನ್ನೂ ಪುಸ್ತಕ ನೋಡದೆ ಬಿಡಿಸಿ. ನೋಟ್ಸ್ ಮೇಲೆ ಬಣ್ಣದ ಗೆರೆ ಎಳೆಯುತ್ತಾ ಮತ್ತೆ ಓದುವುದರಿಂದ ಓದಿದ ತೃಪ್ತಿ ಸಿಗುತ್ತದೆ, ಪರೀಕ್ಷೆಯಲ್ಲಿ ಅದು ಸಹಾಯಕ್ಕೆ ಬರುವುದು ಕಡಿಮೆ. ನಿದ್ದೆಯ ಗಂಟೆಗಳನ್ನು ಕದಿಯುವುದೂ ನಷ್ಟದ ವ್ಯಾಪಾರವೇ, ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾತ್ರ ದೊಡ್ಡದು.

ಊರಿಗೆ ಬಂದು ಆನ್‌ಲೈನ್‌ನಲ್ಲಿ ಓದುವವರು

ಬೇಸಿಗೆಯಲ್ಲಿ ಬೆಂಗಳೂರಿಗೋ ಶಿವಮೊಗ್ಗಕ್ಕೋ ಬಂದು ಅಲ್ಲಿಂದಲೇ ಆನ್‌ಲೈನ್ ಕೋರ್ಸ್ ಮುಗಿಸುವ ಯೋಜನೆ ಕಾಗದದ ಮೇಲೆ ಸೊಗಸಾಗಿರುತ್ತದೆ. ಬೇಸಿಗೆಯಲ್ಲಿ ಭಾರತದ ಸಮಯ ನ್ಯೂಯಾರ್ಕ್‌ಗಿಂತ ಒಂಬತ್ತೂವರೆ ಗಂಟೆ, ಕ್ಯಾಲಿಫೋರ್ನಿಯಾಕ್ಕಿಂತ ಹನ್ನೆರಡೂವರೆ ಗಂಟೆ ಮುಂದಿರುತ್ತದೆ. ಕ್ಯಾಲಿಫೋರ್ನಿಯಾದ ಬೆಳಗಿನ 10ರ ತರಗತಿ ಇಲ್ಲಿ ರಾತ್ರಿ ಹತ್ತೂವರೆಗೆ ಆರಂಭವಾಗುತ್ತದೆ. ನಿಗದಿತ ಸಮಯಕ್ಕೆ ಹಾಜರಾಗಬೇಕಾದ ಕೋರ್ಸ್ ಬೇಡ. ಧ್ವನಿಮುದ್ರಿತ ಪಾಠಗಳಿರುವುದನ್ನು ಮಾತ್ರ ಆರಿಸಿಕೊಳ್ಳಿ, ಕ್ಯಾಮೆರಾ ಮೂಲಕ ನಿಗಾ ಇಡುವ ಪರೀಕ್ಷೆಗಳ ಸಮಯವನ್ನು ಮೊದಲೇ ಕೇಳಿಕೊಳ್ಳಿ. ಅಲ್ಲಿನ ರಾತ್ರಿ 11.59ರ ಗಡುವು ಇಲ್ಲಿ ಮರುದಿನ ಮಧ್ಯಾಹ್ನ 12.29ಕ್ಕೆ ಬರುವುದು ಒಂದು ಅನುಕೂಲವೇ. ಆದರೆ ಅತ್ತೆಯ ಮಗಳ ಮದುವೆ, ಚಿಕ್ಕಪ್ಪನ ಮನೆಯ ಗೃಹಪ್ರವೇಶ, ಧರ್ಮಸ್ಥಳಕ್ಕೊಂದು ಪ್ರಯಾಣ ಇವುಗಳ ನಡುವೆ ವಾರಕ್ಕೆ 27 ಗಂಟೆ ಎಲ್ಲಿಂದ ಬರುತ್ತದೆಂದು ಮನೆಯವರ ಜೊತೆ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಈ ಸ್ಥಿತಿಯಲ್ಲಿ ಎರಡನೆಯ ಕೋರ್ಸ್ ಸೇರಿಸಬಾರದು.

ಒಂದನ್ನು ಬಿಡಬೇಕಾಗಿ ಬಂದರೆ

ನೋಂದಣಿಯ ದಿನವೇ ಮೂರು ದಿನಾಂಕಗಳನ್ನು ರಿಜಿಸ್ಟ್ರಾರ್ ಕಚೇರಿಯ ಕ್ಯಾಲೆಂಡರ್‌ನಿಂದ ಬರೆದುಕೊಳ್ಳಿ: ಪೂರ್ಣ ಹಣ ವಾಪಸ್ಸಿನೊಂದಿಗೆ, ದಾಖಲೆಯಲ್ಲಿ ಉಳಿಯದಂತೆ ಕೋರ್ಸ್ ಬಿಡಲು ಕೊನೆಯ ದಿನ, ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಂಕಪಟ್ಟಿಯಲ್ಲಿ) ಕೋರ್ಸ್ ಬಿಟ್ಟದ್ದನ್ನು ತಿಳಿಸುವ ಡಬ್ಲ್ಯು ಎಂಬ ಗುರುತಿನೊಂದಿಗೆ ಬಿಡಲು ಕೊನೆಯ ದಿನ, ಗ್ರೇಡ್ ಬದಲು ಪಾಸ್ ಅಥವಾ ಫೇಲ್ ಮಾತ್ರ ಆರಿಸಿಕೊಳ್ಳಲು ಕೊನೆಯ ದಿನ. ಚಿಕ್ಕ ಸೆಷನ್‌ಗಳಲ್ಲಿ ಮೊದಲನೆಯದು ಕೆಲವೇ ದಿನಗಳಲ್ಲಿ, ಅನೇಕ ಸಲ ಮೊದಲ ಕ್ವಿಜ್‌ನ ಅಂಕ ಬರುವುದಕ್ಕೂ ಮುಂಚೆ, ಮುಗಿದುಹೋಗುತ್ತದೆ. ಹಾಗಾಗಿ ಅಂಕಕ್ಕೆ ಕಾಯದೆ, ಎರಡು ದಿನಗಳಲ್ಲಿ ಹೋಂವರ್ಕ್‌ಗೆ ಹಿಡಿದ ಗಂಟೆಗಳನ್ನು ನೋಡಿ ನಿರ್ಧರಿಸಬೇಕು. ನೀವು ಅಂದಾಜಿಸಿದ್ದಕ್ಕಿಂತ ಒಂದೂವರೆ ಪಟ್ಟು ಹಿಡಿಯುತ್ತಿದ್ದರೆ ಎರಡರಲ್ಲಿ ಒಂದನ್ನು ಆಗಲೇ ಬಿಡುವುದು ಲೇಸು. ಮುಂದೆ ಸರಿಹೋಗುತ್ತದೆ ಎಂಬ ಭರವಸೆಗೆ ಬೇಸಿಗೆಯಲ್ಲಿ ಮುಂದೆ ಎಂಬುದು ಬಹಳ ಕಡಿಮೆ. ಸೆಷನ್‌ನ ನಡುವೆ ಒಂದು ವಾರ ಕಾಯಿಲೆ ಬಿದ್ದವರು ನಿಯಮಿತ ಸೆಮಿಸ್ಟರ್‌ನ ಮೂರು ವಾರ ಕಳೆದುಕೊಂಡಂತೆ, ಆಗ ಅಧ್ಯಾಪಕರಿಗೂ ಅಡ್ವೈಸರ್‌ಗೂ ಅದೇ ದಿನ ಬರೆಯಬೇಕು. ಸಾಲ ಅಥವಾ ಗ್ರಾಂಟ್ ಪಡೆದವರು ಕೋರ್ಸ್ ಬಿಟ್ಟರೆ ಅದರ ಒಂದು ಭಾಗ ಹಿಂತಿರುಗಿಸಬೇಕಾಗಬಹುದು, ಅದನ್ನು ಹಣಕಾಸು ನೆರವಿನ ಕಚೇರಿಯಲ್ಲಿ ಕೇಳಿಕೊಂಡು ಮುಂದುವರಿಯಿರಿ.

ಫೈನಲ್ ಪರೀಕ್ಷೆಗಳಿಗೂ ಮುಂದಿನ ಸೆಮಿಸ್ಟರ್‌ಗೂ ನಡುವೆ ಕನಿಷ್ಠ ಹತ್ತು ದಿನ ಬಿಡುವಿರುವಂತೆ ಸೆಷನ್ ಆರಿಸಿಕೊಂಡಿದ್ದರೆ ಉಳಿದ ಕಚೇರಿ ಕೆಲಸಗಳೂ ನಿರಾಳವಾಗಿ ಮುಗಿಯುತ್ತವೆ. ಬೇರೆ ಕಾಲೇಜಿನಲ್ಲಿ ಓದಿದವರು ಗ್ರೇಡ್ ದಾಖಲಾಗುವವರೆಗೆ ಕಾದು, ಆಮೇಲೆ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಕಳಿಸುವಂತೆ ಅರ್ಜಿ ಹಾಕಬೇಕು. ಗ್ರೇಡ್ ಬರುವ ಮುಂಚೆ ಕಳಿಸಿದ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಆ ಸಾಲು ಖಾಲಿಯಿರುತ್ತದೆ. ಕೆಲವು ವಾರಗಳ ನಂತರ ಪದವಿಗೆ ಬೇಕಾದುದರಲ್ಲಿ ಏನು ಮುಗಿದಿದೆ, ಏನು ಬಾಕಿ ಎಂದು ತೋರಿಸುವ ನಿಮ್ಮ ಡಿಗ್ರಿ ಆಡಿಟ್ ತೆರೆದು, ಕ್ರೆಡಿಟ್ ಬಂದಿದೆಯೇ ಎಂಬುದರ ಜೊತೆಗೆ ಅದು ಬೇಕಾದ ವಿಭಾಗದಲ್ಲೇ ಎಣಿಕೆಯಾಗಿದೆಯೇ ಎಂದೂ ನೋಡಿ, ಇಲ್ಲದಿದ್ದರೆ ಮೊದಲು ಉಳಿಸಿಟ್ಟ ಅಡ್ವೈಸರ್‌ರ ಇಮೇಲ್ ಅನ್ನು ಲಗತ್ತಿಸಿ ರಿಜಿಸ್ಟ್ರಾರ್ ಕಚೇರಿಗೆ ಬರೆಯಿರಿ.